ಹೆರಿಗೆ ಕೋಣೆಯ ಕೀಲಿಕೈ

ಮಾವನವರಿಗೆ, ನಿಮ್ಮ ಕಿರಿಯ ಸೊಸೆಯ ನಮಸ್ಕಾರ.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಮರಾಠಿ ಸಾಲಿಯಲ್ಲಿ ಕಲಿತವರು. ಈ ಮನೆಯಲ್ಲಿ ಕನ್ನಡ ಓದುತ್ತಿದ್ದವರು ನಾವಿಬ್ಬರೇ, ಈಗ ನಾನೊಬ್ಬಳೇ. ಹಾಗಾಗಿ ಈ ಕಾಗದವನ್ನು ಬಚ್ಚಿಡಬೇಕಾಗಿಲ್ಲ. ನೀವಿದ್ದಾಗ ನಿಮ್ಮೆದುರು ತಲೆಯ ಮೇಲಿನ ಸೆರಗು ಸರಿಸಿ ನಾಲ್ಕು ಮಾತು ಆಡಿದವಳಲ್ಲ ನಾನು. ಇವತ್ತು ಆಡುತ್ತೇನೆ. ಸಿಟ್ಟಿನ ಮಾತುಗಳೂ ಇವೆ, ಕೇಳಿಸಿಕೊಳ್ಳಿ.

ಅಕ್ಕಲಕೋಟಕ್ಕೆ ಕರೆದುಕೊಂಡು ಹೋಗಿ ನನ್ನಿಂದ ಚುನಾವಣೆಯ ಅರ್ಜಿ ತುಂಬಿಸಿದ ದಿನ ನೆನಪಿದೆಯೇ? ಪಂಚಾಯತ ಸಮಿತಿಯ ನಮ್ಮ ಜಾಗ ಹೆಂಗಸರಿಗೆ ಮೀಸಲಾಗಿತ್ತು. "ಸಹಿ ಅಷ್ಟ ನೀ ಮಾಡವ್ವಾ, ಉಳದದ್ದು ನಾವು ನೋಡ್ಕೋತೀವಿ" ಅಂದಿರಿ. ಗೆದ್ದವಳು ನಾನು, ಹಾರ ಬಿದ್ದದ್ದು ನಿಮ್ಮ ಕೊರಳಿಗೆ. ನನಗೇನೂ ಬೇಸರವಾಗಲಿಲ್ಲ. ಆದರೆ ಒಂದೇ ಒಂದು ಕೆಲಸವನ್ನು ಯಾರನ್ನೂ ಕೇಳದೆ ಮಾಡಿದೆ. ಸೋಲಾಪುರದ ಕಚೇರಿಗೆ ಬಸ್ಸಿನಲ್ಲಿ ಅಲೆದು ಅಲೆದು, ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಹೆರಿಗೆ ಮಾಡಿಸುವ ನರ್ಸಬಾಯಿಯನ್ನು ತಂದೆ. ಹೆರಿಗೆಯ ಮಂಚ ತಂದೆ, ಹುಟ್ಟಿದ ಕೂಸಿಗೆ ಉಸಿರು ಕೊಡುವ ರಬ್ಬರಿನ ಚೀಲ ತಂದೆ. ಆ ಉಪಕೇಂದ್ರ ನಿಂತದ್ದು ನೀವು ದಾನ ಕೊಟ್ಟ ಜಾಗದಲ್ಲಿ, ನಮ್ಮ ಮನೆಯ ಎದುರಿಗೇ. ಬಾಗಿಲ ಪಕ್ಕದ ಕಲ್ಲಿನ ಮೇಲೆ ನಿಮ್ಮ ಹೆಸರಿತ್ತು, ಅದನ್ನು ಓದಿದಾಗೆಲ್ಲ ನನಗೂ ಹೆಮ್ಮೆಯೇ ಆಗುತ್ತಿತ್ತು.

ಆ ವರ್ಷ ತೊಗರಿಯ ರಾಶಿಯಾದಾಗ ಚೀಲಗಳನ್ನು ಹೆರಿಗೆ ಕೋಣೆಯಲ್ಲಿ ಒಟ್ಟಿಸಿದಿರಿ. ಎರಡು ತಿಂಗಳ ಮಾತು, ಕೊಟ್ಟ ಜಾಗ ನಮ್ಮದೇ ಅಲ್ಲವೇ ಅಂದಿರಿ. ಹೊರಬಾಗಿಲಿನ ಕೀಲಿಕೈ ನರ್ಸಬಾಯಿಯ ಹತ್ತಿರ ಉಳಿಯಿತು, ಒಳಗಿನ ಕೋಣೆಯದು ನಿಮ್ಮ ಉಡದಾರಕ್ಕೆ ಬಂತು. ಜಾಗ ಕೊಟ್ಟ ಮನೆಯವರು ಉಪಕೇಂದ್ರದಲ್ಲಿ ಚೀಲ ಇಡುವುದು ಸುತ್ತಲಿನ ಊರುಗಳಲ್ಲಿಯೂ ಇದ್ದದ್ದೇ, ಯಾರಿಗೂ ತಪ್ಪೆನಿಸಲಿಲ್ಲ. ನನಗೆ ಅನ್ನಿಸಿತ್ತು. ಆದರೂ ಸಭೆಯಲ್ಲಿ ಎದ್ದು ನಿಲ್ಲುವ ನಾನು, ಮನೆಯಲ್ಲಿ...

ನಮ್ಮ ಓಣಿಯ ಸುವರ್ಣಾಳನ್ನು ಹೆರಿಗೆ ನೋವಿನಲ್ಲಿ ಕರೆತಂದ ಆ ಬೆಳಗು ಈಗಲೂ ಎದೆಯಲ್ಲಿ ಕೂತಿದೆ. ಅವಳ ಗಂಡ ಸೋಲಾಪುರದಾಚೆಯ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಪಾಳಿಗೆ ಹೋಗಿದ್ದ. ಅಕ್ಕಲಕೋಟದಿಂದ ಆಸ್ಪತ್ರೆಯ ಗಾಡಿ ಬರುವಷ್ಟು ಹೊತ್ತು ಉಳಿದಿರಲಿಲ್ಲ. ನರ್ಸಬಾಯಿ ನಮ್ಮ ಅಂಗಳಕ್ಕೆ ಓಡಿ ಬಂದು, "ಚಾವಿ ದ್ಯಾ ತಾಯಿ, ಲವಕರ" ಎಂದು ಮರಾಠಿಯಲ್ಲಿ ಬೇಗ ಕೀಲಿಕೈ ಕೇಳುತ್ತ ಕೈ ಚಾಚಿದಳು. ನೀವು ಲಿಂಗಪೂಜೆಗೆ ಕೂತಿದ್ದಿರಿ. ಪೂಜೆಗೆ ಕೂತವರನ್ನು ಈ ಮನೆಯಲ್ಲಿ ಯಾರೂ ಮಾತಾಡಿಸಿದ್ದಿಲ್ಲ. ನಾನು ಬಾಗಿಲ ಹೊರಗೆ ನಿಂತೆ. ಸುವರ್ಣಾ ಚೀರುವುದು ನನಗೆ ಕೇಳಿಸುತ್ತಿತ್ತು. ಮಾವನವರೇ, ನಿಮಗೂ ಕೇಳಿಸಿತ್ತೇ? ಇಷ್ಟು ದಿನ ಕೇಳಬೇಕೆಂದು ಕೇಳದೇ ಉಳಿದ ಪ್ರಶ್ನೆ ಇದೊಂದೇ. ನೀವು ಎದ್ದು ಬಂದಿರಿ, ನಾನು ಹೇಳಿದೆ, ಕೂಡಲೇ ಕೀಲಿಕೈ ಬಿಚ್ಚಿ ಕೊಟ್ಟಿರಿ. ಓಡಿದೆ. ಹೊರಗಿನ ಕೋಣೆಯ ಫರಸಿ ನೆಲದ ಮೇಲೆ ಹೆರಿಗೆ ಆಗಿಹೋಗಿತ್ತು. ಉಸಿರು ಕೊಡುವ ಚೀಲ ಒಳಗಿನ ಕೋಣೆಯ ತೊಗರಿ ಚೀಲಗಳ ಹಿಂದೆ ಕಪಾಟಿನಲ್ಲಿತ್ತು. ಕೂಸು ಅಳಲೇ ಇಲ್ಲ.

ಮರುದಿನ ನೀವೇ ನಿಂತು ಕೋಣೆ ಖಾಲಿ ಮಾಡಿಸಿದಿರಿ. ಕೀಲಿಕೈ ಮತ್ತೆ ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ, ಗೋಡೆಯ ಮೊಳೆಗೆ ಹಾಕಿದಿರಿ. ಆ ವಿಷಯ ಮತ್ತೆ ಎತ್ತಲೂ ಇಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ, ಗೋಡೆ ನೋಡುತ್ತ ಹೇಳಿದಿರಿ:

"ನೀ ಕೂಗಬೇಕಾಗಿತ್ತವ್ವಾ."

ಅಷ್ಟೇ. ನಾನು ಬಟ್ಟಲು ತೆಗೆದುಕೊಂಡು ಎದ್ದುಹೋದೆ. ಅಡುಗೆಮನೆಯಲ್ಲಿ ಎಷ್ಟು ಅತ್ತೆನೋ ಅಷ್ಟೇ ಸಿಟ್ಟೂ ಬಂತು. ಕೂಗಬಾರದೆಂದು ಕಲಿಸಿದವರು ಯಾರು? ಬಂದ ದಿನದಿಂದ ಈ ಮನೆಯಲ್ಲಿ ನನ್ನ ದನಿ ಒಮ್ಮೆಯಾದರೂ ಏರಲು ಬಿಟ್ಟಿದ್ದಿರಾ? ಆದರೂ ನೀವು ಹೇಳಿದ್ದು ನಿಜ. ಕೂಗಿದ್ದರೆ ಎದ್ದು ಬರುತ್ತಿದ್ದಿರಿ. ಅದು ಗೊತ್ತಿರುವುದರಿಂದಲೇ ನನಗೆ ಇವತ್ತಿಗೂ ಸಮಾಧಾನವಿಲ್ಲ.

ನೀವು ಹೋದ ಮೇಲಿನ ಮೊದಲ ರಾಶಿಗೇ ಭಾವನವರು ಆ ಕೋಣೆ ತುಂಬಿಸಿ, ಕೀಲಿಕೈಯನ್ನು ತಮ್ಮ ಉಡದಾರಕ್ಕೆ ಕಟ್ಟಿಕೊಂಡರು. ಮೆತ್ತಗೆ ಕೇಳಿದೆ, ಪೇಟೆಗೆ ಕಳಿಸಿದ ಮೇಲೆ ನೋಡೋಣ ಎಂದರು. ಅಕ್ಕಲಕೋಟದ ಸಭೆಯಲ್ಲಿ ಎತ್ತಿದೆ, ನಿಮ್ಮ ಮನೆಯ ಚೀಲ ನಿಮ್ಮ ಮನೆಯಲ್ಲೇ ಬಗೆಹರಿಸಿಕೊಳ್ಳಿ ತಾಯಿ ಎಂದು ನಕ್ಕರು. ಅಷ್ಟರಲ್ಲಿ ಸುವರ್ಣಾಳಿಗೆ ಮತ್ತೆ ದಿನ ತುಂಬುತ್ತ ಬಂದಿತ್ತು. ದಾರಿಯಲ್ಲಿ ಸಿಕ್ಕವಳು, ಈ ಸಲ ಸೋಲಾಪುರದಲ್ಲಿ ಅಕ್ಕನ ಮನೆಗೆ ಹೋಗಿ ಇರುತ್ತೇನೆ ಎಂದಳು. "ನಿಮ್ಮ ಖೋಲಿ ನಂಬಿ ಕೂಡೂದಿಲ್ರಿ ಅಕ್ಕಾರ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕಳೆದ ಸೋಮವಾರ ಭಾವನವರು ಪೂಜೆಗೆ ಕೂತಾಗ ಒಳಗೆ ಹೋಗಿ ನಿಂತೆ. ಕೀಲಿಕೈ ಕೊಡಿರೆಂದು ಗಟ್ಟಿಯಾಗಿ ಕೇಳಿದೆ. ಕಣ್ಣು ತೆರೆಯದೆ, ತಡೆ ಎಂಬಂತೆ ಕೈ ಎತ್ತಿದರು. ತಡೆಯಲಿಲ್ಲ. ನನ್ನ ಯಜಮಾನರು, ನಿಮ್ಮ ಕಿರಿಯ ಮಗ, ಹೊಲದ ನೆಪ ಹೇಳಿ ಆಗಲೇ ಮನೆ ಬಿಟ್ಟಿದ್ದರು. ಬಡಿಗೇರನನ್ನು ಕರೆಸಿ ಆ ಬಾಗಿಲಿನ ಕೊಂಡಿಯನ್ನೇ ಕೀಳಿಸಿದೆ. ಓಣಿಯೆಲ್ಲ ನೋಡುತ್ತಿತ್ತು. ಚೀಲಗಳು ನಮ್ಮ ಪಡಸಾಲೆಗೆ ಬರುತ್ತಿದ್ದಾಗ ಭಾವನವರು ಹಣೆಯ ಹಸಿ ವಿಭೂತಿಯಲ್ಲೇ ಓಡಿ ಬಂದರು. ಅಪ್ಪ ಕೊಟ್ಟ ಜಾಗದಲ್ಲಿ ಮನೆಯ ಸೊಸೆ ಕೀಲಿ ಮುರಿಯುವುದೇ ಎಂದು ಕೇಳಿದರು. ನನ್ನ ಬಾಯಿಂದ ಹೇಗೆ ಬಂತೋ:

"ಕೊಟ್ಟ ಮ್ಯಾಲ ನಮ್ದು ಹ್ಯಾಂಗ ಆಗ್ತದ್ರಿ ಭಾವಾರ? ಕೊಟ್ಟಿಲ್ಲ ಅಂದ್ರ, ಆ ಕಲ್ಲಿನ ಮ್ಯಾಲಿಂದ ಮಾವಾರ ಹೆಸರ ಅಳಸ್ರಿ."

ಅವರು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು, ತಿರುಗಿ ಹೋದರು. ಅಂದಿನಿಂದ ಮಾತಿಲ್ಲ. ಒಲೆ ಬೇರೆಯಾಗಿದೆ. ಮುಂದಿನ ಚುನಾವಣೆಗೆ ನನಗೆ ತಿಕೀಟು ಸಿಗದಂತೆ ನೋಡಿಕೊಳ್ಳುತ್ತಾರಂತೆ, ನೋಡಿಕೊಳ್ಳಲಿ. ಮನೆ ಒಡೆದವಳು ಎಂಬ ಹೆಸರು ಮಾತ್ರ ಚುಚ್ಚುತ್ತದೆ, ಸುಳ್ಳು ಹೇಳುವುದಿಲ್ಲ.

ಮರುದಿನ ಸುವರ್ಣಾ ಹೊಟ್ಟೆ ಹಿಡಿದುಕೊಂಡು ಆ ಕೋಣೆ ನೋಡಲು ಬಂದಳು. ಹೊರಗೆ ಕೊಂಡಿಯಿಲ್ಲ. ಒಳಗೆ ಮಾತ್ರ ಒಂದು ಚಿಲಕವಿದೆ. ಅವಳು ಬಾಗಿಲು ಹಾಕಿಕೊಂಡು ಆ ಚಿಲಕ ಹಾಕಿ ತೆಗೆದಳು, ಮತ್ತೆ ಹಾಕಿ ತೆಗೆದಳು. ಸೋಲಾಪುರದ ಮಾತು ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಅವಳಿಗೆ ನೋವು ಬಂತು. ಭಾವನವರು ಎದುರಿನ ನಮ್ಮ ಮನೆಯಲ್ಲಿ ಪೂಜೆಗೆ ಕೂತ ಹೊತ್ತು. ನರ್ಸಬಾಯಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅಂದು ನಿಮ್ಮ ಬಾಗಿಲ ಹೊರಗೆ ನಿಂತಂತೆಯೇ ನಿಂತಿದ್ದೆ ಮಾವನವರೇ. ಚೀರಾಟ ನಿಂತಿತು. ಏನೂ ಕೇಳಿಸಲಿಲ್ಲ. ಇನ್ನೂ ಏನೂ ಕೇಳಿಸಲಿಲ್ಲ. ಈ ಸಲ ನಾನು ಕೂಗಿದೆ, ಏನಾಯಿತೆಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ನನ್ನ ಕೂಗಿನ ಮೇಲೆಯೇ ಕೂಸು ಅತ್ತಿತು. ಎದುರಿನ ಪೂಜೆಯ ಕೋಣೆಯವರೆಗೂ ಕೇಳಿಸುವ ಹಾಗೆ ಅತ್ತಿತು.