ಹಲಸಿನ ಬೊಡ್ಡೆಯ ಅಳತೆ

ಜಯಶೀಲಾ, ಶಿವ ನಿನ್ನನ್ನು ಕಾಯಲಿ. ನಿನ್ನ ಮಾವನವರ ಸಮಾಧಿಯ ಮೇಲೆ ಕಟ್ಟಿಸುವ ಗದ್ದುಗೆಗೆ ಕಲ್ಲು ನೋಡಲು ನಾನು ಭದ್ರಾವತಿಗೆ ಹೊರಟೆ.

ನಾಗಯ್ಯ ಹಿತ್ತಲಿನ ಹಲಸಿನ ಬೊಡ್ಡೆ ಅಳೆದು, ಕೀಳುವ ಕೂಲಿ ಹೇಳಲು ಬರುತ್ತಾನೆ. “ಬೇರು ಹರಡಿದಲ್ಲೇ ಹಗ್ಗ ಸುತ್ತೋದು ಅಮ್ಮಾರೇ, ಅಗೆಯೋನು ನಾನಲ್ವಾ?” ಎನ್ನುತ್ತಾನೆ. ಅಳತೆ ಹಿಗ್ಗಿ ಕೂಲಿ ಏರಿದರೂ ಸುತ್ತಲಿ, ವಾದ ಬೇಡ.

ಆದರೆ ಬೊಡ್ಡೆಯಿಂದ ನಾಲ್ಕೇ ಮೊಳ ದೂರದಲ್ಲಿ ನಿನ್ನ ಮಾವನವರ ಸಮಾಧಿ. ಮೊನ್ನೆಯ ಮಳೆಗೆ ಮಣ್ಣು ಕುಸಿದು ಗುರುತೇ ಉಳಿದಿಲ್ಲ. ಅವನು ಬೇರಿನ ಆಳ ನೋಡಲು ಅಲ್ಲಿಗೇ ಹಾರೆ ಹಾಕಿಯಾನು ಎಂದು ನನಗೆ ದಿಗಿಲು. ಸುತ್ತ ವಿಭೂತಿಯ ಗೆರೆ ಎಳೆದಿದ್ದೇನೆ. ಮಳೆಗೆ ಅಳಿಸಿದರೆ ಅವನನ್ನು ಜಗುಲಿಯಲ್ಲೇ ಕೂರಿಸು, ಹಿತ್ತಲಿಗೆ ಬಿಡಬೇಡ. ಬೊಡ್ಡೆ ಇನ್ನೊಂದು ವರ್ಷ ಇದ್ದರೂ ಇರಲಿ. ಕೂರಿಸಿಯೇ ಮಣ್ಣು ಮಾಡಿದೆವಲ್ಲ, ಅಲ್ಲಿ ಅವರು ಪೂಜೆಗೆ ಕುಳಿತಂತೆಯೇ ಕುಳಿತಿದ್ದಾರೆ, ಎಬ್ಬಿಸಬಾರದು.

ನಿನ್ನ ಅತ್ತೆ