ಹಗ್ಗ ಕಟ್ಟುವವಳು

ಭಾನುವಾರ, ಮಧ್ಯಾಹ್ನ
ಅಕ್ಕನ ಮನೆಯಿಂದ

ಪುಟ್ಟಿಯ ಅಪ್ಪನಿಗೆ,

‘ಪ್ರೀತಿಯ’ ಅಂತ ಬರೆದು ಹೊಡೆದುಹಾಕಿದೆ. ಹೊಡೆದದ್ದು ಕಾಣಬಾರದೆಂದು ಬೇರೆ ಹಾಳೆ ತೆಗೆದುಕೊಂಡೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಪುಟ್ಟಿ ರಜೆ ಅಂತ ಖುಷಿಯಾಗಿದ್ದಾಳೆ. ಅಪ್ಪ ಯಾಕೆ ಬರಲಿಲ್ಲ ಅಂತ ದಿನಕ್ಕೊಂದು ಸಲ ಕೇಳುತ್ತಾಳೆ, ಅಪ್ಪನಿಗೆ ಕೆಲಸ ಅಂತ ನಾನೂ ದಿನಕ್ಕೊಂದು ಸಲ ಹೇಳುತ್ತೇನೆ.

ಮೊಟ್ಟೆ ಮಾರುವ ದೊಡ್ಡಮ್ಮ ಮೊನ್ನೆ ಇಲ್ಲಿನ ಮಾರುಕಟ್ಟೆಗೆ ಬಂದವರು ಹುಡುಕಿಕೊಂಡು ಮನೆಗೇ ಬಂದರು. ಬುಟ್ಟಿ ಕೆಳಗಿಡುವ ಮೊದಲೇ ನಿಮ್ಮ ಮಾತು ಒಪ್ಪಿಸಿದರು. “ಆಗಿದ್ದು ಆಗೋಯ್ತು, ಬಂದ್ಬಿಡು ಅಂತ ಹೇಳ್ಕಳಿಸಿದಾನೆ ನಿನ್ನ ಗಂಡ. ದೋಣಿ ಮೊದಲಿನ ಹಾಗೆ ನೀನೇ ಓಡಿಸ್ಬೋದಂತೆ. ಕಾಗದದಲ್ಲಿ ಮಾತ್ರ ಅವನ ಹೆಸರಂತೆ.” ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ದೊಡ್ಡಮ್ಮನಿಗೆ ಚಹಾ ಕೊಟ್ಟು ಕಳಿಸಿದೆ, ಉತ್ತರ ಕೊಡಲಿಲ್ಲ. ಈ ಪತ್ರವೇ ಉತ್ತರ. ಎದುರಿಗೆ ನಿಂತು ಹೇಳಿದರೆ ಅರ್ಧಕ್ಕೇ ಅಳು ಬಂದುಬಿಡುತ್ತದೆ. ಆಮೇಲೆ ನೀವು ಸಮಾಧಾನ ಮಾಡುತ್ತೀರಿ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಾಡಿಗೆಗೆ ಜನರನ್ನು ದಾಟಿಸುವ ದೋಣಿಗಳೆಲ್ಲ ನೋಂದಣಿಯಾಗಬೇಕು ಅಂತ ಸರ್ಕಾರದ ನೋಟಿಸು ಬಂದಾಗ ಮನೆಯಲ್ಲಿ ನೀವಾಡಿದ ಮಾತು ನೆನಪಿದೆಯಾ? ನನ್ನ ಅಪ್ಪನಿಗೆ ಕಣ್ಣು ಮಂಜಾಗಿ ಚುಕ್ಕಾಣಿ ನನ್ನ ಕೈಗೆ ಬಂದ ದಿನದಿಂದ ಆ ದೋಣಿ ನಡೆಸಿದವಳು ನಾನು. ನೀವು ಇಂಜಿನ್ನಿನವರು. ಅದಕ್ಕೆ ಕೆಮ್ಮು ಬಂದರೂ ನಿಮಗೆ ಗೊತ್ತಾಗುತ್ತಿತ್ತು, ನೀರಿಗೆ ಸಿಟ್ಟು ಬಂದರೆ ನನಗೆ. “ಮಾಲೀಕ ಅಂತ ನನ್ನ ಹೆಸರಿರ್ಲಿ, ಚಾಲಕಿ ಅಂತ ನಿನ್ನ ಹೆಸರು ಬರೆಸೋಣ” ಅಂದವರು ನೀವೇ. ನಾನು ಕೇಳಿರಲಿಲ್ಲ. ಕೇಳದೆಯೇ ಕೊಟ್ಟರಲ್ಲ ಅಂತ ಅಕ್ಕನಿಗೆ ಫೋನ್ ಮಾಡಿ ಹೇಳಿಕೊಂಡಿದ್ದೆ. ಈಗ ಅವಳ ಮುಖ ನೋಡುವಾಗ ಆ ಫೋನು ನೆನಪಾಗುತ್ತದೆ.

ಎಷ್ಟು ಖುಷಿಯಿಂದ ತಯಾರಿ ಮಾಡಿದೆವು! ಇಂಜಿನ್ನಿನ ನಂಬರು ತುಕ್ಕಿನಲ್ಲಿ ಮುಚ್ಚಿಹೋಗಿತ್ತು, ಸೀಮೆಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಓದುವ ಹಾಗೆ ಮಾಡಿದಿರಿ. ನಾನು ಲೈಫ್ ಜಾಕೆಟ್ಟುಗಳ ಹರಿದ ಪಟ್ಟಿಗಳನ್ನೆಲ್ಲ ಹೊಲಿದೆ. ಉದ್ದಗಲ ಅಳೆಯುವಾಗ ಟೇಪಿನ ಒಂದು ತುದಿ ಪುಟ್ಟಿ ಹಿಡಿದು, ನಡುವೆ ಬಿಟ್ಟು ಓಡಿ, ನಾವು ಮೂರು ಸಲ ಅಳೆದು ಮೂರು ಬೇರೆ ಬೇರೆ ಲೆಕ್ಕ ಬಂದು ನಕ್ಕಿದ್ದೆವು.

ಊಟವಾದ ಮೇಲೆ ನೀವು ಅಧಿಕಾರಿಯಾಗುತ್ತಿದ್ದಿರಿ. ನನ್ನ ಅಪ್ಪನ ಕನ್ನಡಕ ಮೂಗಿನ ತುದಿಗೆ ಇಳಿಸಿ, ಗಂಟಲು ಸರಿಮಾಡಿಕೊಂಡು, “ಎದುರಿಂದ ಇನ್ನೊಂದು ದೋಣಿ ಬಂತಮ್ಮಾ, ಏನು ಮಾಡ್ತೀಯ?” ಅಂತ ಗತ್ತಿನಲ್ಲಿ ಕೇಳುತ್ತಿದ್ದಿರಿ. ನಾನು ಬಲಕ್ಕೆ ಸರೀತೀನಿ ಸಾರ್ ಅನ್ನುತ್ತಿದ್ದೆ. ಮಂಜು ಕವಿದರೆ? ಯಾರಾದರೂ ನೀರಿಗೆ ಬಿದ್ದರೆ? “ಬಿದ್ದವರ ಕಡೆಗೇ ಮೂತಿ ತಿರುಗಿಸ್ಬೇಕು ಸಾರ್, ಫ್ಯಾನು ಅವರಿಂದ ದೂರ ಹೋಗೋ ಹಾಗೆ. ಆಮೇಲೆ ಇಂಜಿನ್ ಮಾತು ನಿಲ್ಲಿಸ್ಬೇಕು.” ಇಂಜಿನ್ ಆರಿಸುವುದಕ್ಕೆ ಮಾತು ನಿಲ್ಲಿಸುವುದು ಅಂತ ನನ್ನ ಅಪ್ಪ ಹೇಳುತ್ತಿದ್ದುದು, ನನ್ನ ಬಾಯಿಗೂ ಹಾಗೇ ಬರುತ್ತದೆ. ಇನ್ನೊಂದ್ಸಲ ಹೇಳು, ಇನ್ನೊಂದ್ಸಲ ಹೇಳು ಅಂತ ನೀವು ಅಷ್ಟು ಆಸೆಯಿಂದ ಕೇಳುತ್ತಿದ್ದಿರಿ. ನಾನು ಸೋಲಬಾರದೆಂದು ನಿಮಗೆಷ್ಟು ಕಾಳಜಿ ಅಂದುಕೊಂಡಿದ್ದೆ.

ತಪಾಸಣೆಯ ದಿನ ಬಂದ ಅಧಿಕಾರಿ ಜೀಪಿನಿಂದ ಇಳಿಯುವಾಗಲೇ ಲೈಫ್ ಜಾಕೆಟ್ ತೊಟ್ಟುಕೊಂಡಿದ್ದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗು ನುಂಗಿದೆವು. ನಿಮ್ಮ ಜೊತೆ ನಾನು ನಕ್ಕದ್ದು ಅದೇ ಕೊನೆ. ಭಾರ ಇರಬೇಕೆಂದು ದಿನಾ ದಾಟುವ ಜನರನ್ನೇ ದೋಣಿಯಲ್ಲಿ ಕೂರಿಸಿದ್ದೆವು. ಮೊಟ್ಟೆ ದೊಡ್ಡಮ್ಮ, ಮೇಷ್ಟ್ರು, ಬೇಕರಿಯವನು, ಅವರ ಮನೆಯವರು. ಅಧಿಕಾರಿ ಪೆನ್ನು ತೆಗೆದು ಚಾಲಕರು ಯಾರು ಅಂದ. ನಾನು ಒದ್ದೆ ಕೈ ಬಟ್ಟೆಗೆ ಒರೆಸಿಕೊಂಡು ಮುಂದೆ ಬಂದಿದ್ದೆ.

“ನಾನೇ ಸಾರ್. ಇವ್ಳು ಹಗ್ಗ ಕಟ್ಟೋಳು.”

ನನ್ನ ಕಡೆ ತಿರುಗದೆ ಹೇಳಿದಿರಿ. ಮೇಷ್ಟ್ರು ತಮ್ಮ ಕೊಡೆ ಬಿಚ್ಚಿ ಮತ್ತೆ ಮಡಚಿದರು. ದೊಡ್ಡಮ್ಮ ಬಾಯಿ ತೆರೆದವರು, ಗಂಡ ಹೆಂಡತಿ ಮಾತಾಡಿಕೊಂಡೇ ಬಂದಿರಬೇಕು ಅಂತ ಸುಮ್ಮನಾದರಂತೆ. ನಾನೂ ಸುಮ್ಮನಾದೆ. ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಅಷ್ಟು ಜನರೆದುರು ಹೇಳಿದ್ದರೆ ನಿಮ್ಮ ಮಾನ ಹೋಗುತ್ತಿತ್ತು. ನನ್ನದು ಹೋಗಲಿ ಅಂತ ಬಿಟ್ಟೆ.

ಆಮೇಲೆ ಅಧಿಕಾರಿ ಪ್ರಶ್ನೆ ಕೇಳಿದ. ಯಾರಾದರೂ ನೀರಿಗೆ ಬಿದ್ದರೆ ಏನು ಮಾಡ್ತೀರಿ? ನೀವು ತಡವರಿಸದೆ ಹೇಳಿದಿರಿ. “ಬಿದ್ದವರ ಕಡೆಗೇ ಮೂತಿ ತಿರುಗಿಸ್ಬೇಕು ಸಾರ್, ಫ್ಯಾನು ಅವರಿಂದ ದೂರ ಹೋಗೋ ಹಾಗೆ. ಆಮೇಲೆ ಇಂಜಿನ್ ಮಾತು ನಿಲ್ಲಿಸ್ಬೇಕು.” ನನ್ನ ಅಪ್ಪನ ಮಾತು, ನನ್ನ ಬಾಯಿಂದ ನಿಮ್ಮ ಬಾಯಿಗೆ ಹೋಗಿ ಕುಳಿತಿತ್ತು. ಅಷ್ಟು ದಿನ ಕನ್ನಡಕ ಹಾಕಿಕೊಂಡು ನೀವು ಪರೀಕ್ಷೆ ಮಾಡುತ್ತಿರಲಿಲ್ಲ, ಪಾಠ ಹೇಳಿಸಿಕೊಳ್ಳುತ್ತಿದ್ದಿರಿ.

ಮನೆಗೆ ಬಂದ ಮೇಲೆ “ಆ ಕ್ಷಣಕ್ಕೆ ಬಾಯಿಗೆ ಬಂದ್ಬಿಡ್ತು ಕಣೇ” ಅಂದಿರಿ. ಎಲ್ಲರೆದುರು ಹೆಂಡತಿ ಓಡಿಸ್ತಾಳೆ ಅಂತ ಬರೆಸೋಕೆ ನಾಲಿಗೆ ಏಳಲಿಲ್ಲ ಅಂದಿರಿ. ನಾನು ತಲೆಯಾಡಿಸಿದೆ. ನಂಬಿದೆ ಅಂದುಕೊಂಡಿರಿ. ನಂಬಿರಲಿಲ್ಲ.

ಅವತ್ತು ಪ್ರಶ್ನೆಗಳಾದ ಮೇಲೆ ದೋಣಿ ಓಡಿಸಿ ತೋರಿಸಬೇಕಾಯಿತಲ್ಲ, ಅದನ್ನೂ ಬರೆದುಬಿಡುತ್ತೇನೆ. ಮುರಿದ ಸೇತುವೆಯ ಕಂಬ ಸುತ್ತಿ ಬಂದು ಕಟ್ಟೆಗೆ ಹಚ್ಚಿ ಅಂದ ಅಧಿಕಾರಿ. ನೀವು ಚುಕ್ಕಾಣಿ ಹಿಡಿದಿರಿ, ನಾನು ಮುಂದೆ ಹಗ್ಗ ಹಿಡಿದು ಕೂತೆ. ಕಂಬದ ಹತ್ತಿರ ಸೆಳೆತ ಹೇಗಿರುತ್ತದೆ ಅಂತ ನನಗೆ ಗೊತ್ತು. ನೀವು ನೇರ ಹಿಡಿದಿದ್ದಿರಿ. ಸುಮ್ಮನೆ ಕೂತಿದ್ದರೆ ಸಾಕಿತ್ತು, ಪಕ್ಕೆ ಉಜ್ಜಿ ಒಂದು ಹಲಗೆ ಹೋಗುತ್ತಿತ್ತು, ಅಧಿಕಾರಿ ಬೇಡ ಅಂತ ಬರೆದು ಜೀಪು ಹತ್ತುತ್ತಿದ್ದ. ಅಷ್ಟೇ ಆಗುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಆದರೆ ಆಗ ದೊಡ್ಡಮ್ಮನ ಮೊಮ್ಮಗಳು ಕಂಬದ ಕಡೆಯ ಅಂಚಿನಲ್ಲೇ ಕೂತಿದ್ದಳು. ಎಡಗೈ ಎತ್ತಿದೆ. ನೀವು ನೋಡಿದಿರಿ, ತಿರುಗಿಸಿದಿರಿ. ಕಟ್ಟೆಯ ಹತ್ತಿರ ಅಂಗೈ ಕೆಳಗೆ ಮಾಡಿದೆ, ವೇಗ ತಗ್ಗಿಸಿದಿರಿ. ನನ್ನ ಕೈಯಿಂದಲೇ ನಿಮ್ಮನ್ನು ಪಾಸು ಮಾಡಿಸಿದೆ.

ಇಳಿಯುವಾಗ ಆತ ನನ್ನನ್ನು ನೋಡಿ, “ನಿಮ್ಮ ಕೆಲಸದವಳು ಚುರುಕಿದ್ದಾಳೆ ರೀ, ಬಿಡಬೇಡಿ” ಅಂದ. ನೀವು ನಕ್ಕಿರಿ. ಇವಳು ನನ್ನ ಹೆಂಡತಿ ಅಂತಲಾದರೂ ಹೇಳಬಹುದಿತ್ತು. ಹಗ್ಗದ ಮಾತನ್ನು ಹೇಗೋ ನುಂಗಿಕೊಂಡೇನು, ಆ ನಗು ಮಾತ್ರ ಗಂಟಲಲ್ಲೇ ಇದೆ.

ಮರುದಿನ ಬೆಳಿಗ್ಗೆ ನಾನು ದೋಣಿಗೆ ಬರಲಿಲ್ಲ, ಬಟ್ಟೆ ಕಟ್ಟಿಕೊಂಡು ಬಸ್ಸಿಗೆ ಬಂದೆ. ಕಟ್ಟೆಯ ಮೇಲೆ ಪೇಂಟರು ದೋಣಿಯ ಮೂತಿಗೆ ನಂಬರು ಬರೆಯುತ್ತಿದ್ದ. ಅಕ್ಷರ ದುಂಡಾಗಿ ಬಂದಿತ್ತು. ಪುಟ್ಟಿ ನಿಂತು ಪೂರ್ತಿ ಓದಿದಳು. ನಾನು ಅವಸರ ಮಾಡಿದೆ.

ಈಗ ನಿಮ್ಮ ಮಾತಿಗೆ ಉತ್ತರ. ಗಾಳಿ ಎದ್ದ ದಿನ ನೀವು ದೋಣಿ ಬಿಡುವುದಿಲ್ಲವಂತೆ. ಜನ ಬೈದುಕೊಂಡು ರಸ್ತೆ ಸುತ್ತಿ ಹೋಗುತ್ತಿದ್ದಾರಂತೆ, ಮೇಷ್ಟ್ರು ಶಾಲೆಗೆ ತಡವಾಗಿ ಬೈಸಿಕೊಂಡರಂತೆ. ಅದಕ್ಕೇ ನನ್ನ ನೆನಪಾಗಿದೆ. ನಾನು ಓಡಿಸಬೇಕು, ಹೆಸರು ನಿಮ್ಮದಿರಬೇಕು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ? ಲೈಸೆನ್ಸಿಲ್ಲದೆ ಜನರನ್ನು ಹೊತ್ತೊಯ್ದವಳು ಅಂತ ನನ್ನನ್ನೇ ಹಿಡಿಯುತ್ತಾರೆ. ಆಗಲೂ ನೀವು ನನ್ನ ಕಡೆ ತಿರುಗದೆ, ಇವಳು ಯಾಕೆ ಮುಟ್ಟಿದಳೋ ಗೊತ್ತಿಲ್ಲ ಸಾರ್ ಅನ್ನುವುದಿಲ್ಲ ಅಂತ ಏನು ಗ್ಯಾರಂಟಿ? ಮೊದಲಾದರೆ ಈ ಪ್ರಶ್ನೆ ನನ್ನ ತಲೆಗೇ ಬರುತ್ತಿರಲಿಲ್ಲ. ಈಗ ಬರುತ್ತದೆ. ನೀವು ಕಳೆದದ್ದು ಆ ನಂಬಿಕೆಯನ್ನೇ.

ಬರುವುದಿಲ್ಲ. ಅಕ್ಕನ ಇಸ್ತ್ರಿ ಅಂಗಡಿಯಲ್ಲಿ ಕೆಲಸವಿದೆ. ಬಿಸಿಗೆ ಕೈ ಒಗ್ಗುತ್ತಿದೆ. ಇಲ್ಲಿ ಸುತ್ತ ಎಲ್ಲೂ ನೀರಿಲ್ಲ, ಒಂದು ರೀತಿಯಲ್ಲಿ ನೆಮ್ಮದಿಯಾಗಿದ್ದೇನೆ. ನಿಮ್ಮಿಂದ ನನಗೆ ಏನೂ ಬೇಡ. ಮನಸ್ಸಿನಲ್ಲಿದ್ದದ್ದು ತಿಳಿಸಬೇಕಿತ್ತು, ತಿಳಿಸಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಪುಟ್ಟಿಯ ಅಮ್ಮ

ವಿ.ಸೂ.: ನೆಮ್ಮದಿಯಾಗಿದ್ದೇನೆ, ಏನೂ ಬೇಡ ಅಂತ ಮೇಲೆ ಬರೆದೆನಲ್ಲ, ಎರಡೂ ಸುಳ್ಳು. ಬುಧವಾರ ಅಂಗಡಿಗೆ ರಜೆ ಹಾಕಿ ನೋಂದಣಿ ಕಚೇರಿಗೆ ಹೋಗಿದ್ದೆ. ನಿಮ್ಮ ಮೇಲೆ ದೂರು ಕೊಡಬೇಕೆಂದೇ ಹೋದದ್ದು. ಅದೇ ಅಧಿಕಾರಿ ಕೂತಿದ್ದ, ನನ್ನ ಗುರುತು ಹತ್ತಲಿಲ್ಲ. ಏನು ಬೇಕಮ್ಮ ಅಂದಾಗ ದೂರು ಬಾಯಿಗೆ ಬರಲಿಲ್ಲ. ಚಾಲಕಿ ಪರೀಕ್ಷೆಗೆ ಕೂರಬೇಕು ಅಂದೆ. ಕೂರಬಹುದಂತೆ. ಆದರೆ ಇಂಥವಳು ಇಷ್ಟು ವರ್ಷ ನನ್ನ ದೋಣಿ ನಡೆಸಿದ್ದಾಳೆ ಅಂತ ದೋಣಿಯ ಮಾಲೀಕರು ಬರೆದು, ಸಹಿ ಹಾಕಿ, ಖುದ್ದಾಗಿ ಆತನ ಕೈಗೇ ಕೊಡಬೇಕಂತೆ. ಹಾಗೆ ಬರೆದುಕೊಟ್ಟರೆ ಅವತ್ತು ನೀವು ಹೇಳಿದ್ದು ಏನಾಗುತ್ತದೆ ಅಂತ ನನಗೂ ಗೊತ್ತು. ಅದಕ್ಕೆಂದು ಕಚೇರಿಯಲ್ಲಿ ಕೊಟ್ಟ ಕಾಗದ ಇದರ ಜೊತೆಗೇ ಇಟ್ಟಿದ್ದೇನೆ. ನನ್ನ ಹೆಸರು ನಾನೇ ತುಂಬಿದ್ದೇನೆ. ವರ್ಷ ಎಷ್ಟು ಅನ್ನುವ ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನು ನೀವು ಬರೆಯಬೇಕು.