ಸಿಂಗಾಪುರದಲ್ಲಿ ಕೂತವರು

ಗೋಪಾಳ, ಶಿವಮೊಗ್ಗ
೧೬ ನವೆಂಬರ್ ೨೦೨೫, ಭಾನುವಾರ

ಮಗಳೇ ಸ್ಫೂರ್ತಿ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಲಡಾಖಿನ ಚಳಿ ಇನ್ನಷ್ಟು ಬಲಿತಿರುತ್ತದೆ. ಕಿವಿ ಮುಚ್ಚಿಕೊಂಡು, ಬಿಸಿಯಾಗಿ ಏನಾದರೂ ಕುಡಿಯುತ್ತಾ ಓದು. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿಯೇ ಇದ್ದೇವೆ. ದಣಿದಿದ್ದೇವೆ, ಅಷ್ಟೆ.

"ಅಜ್ಜಿನ ಯಾಕಮ್ಮ ಸುಟ್ರಿ? ನಮ್ಮಲ್ಲಿ ಮಣ್ಣಲ್ವಾ ಮಾಡೋದು?" ಎಂದು ನೀನು ಮೊಬೈಲಿಗೆ ಬರೆದು ಎಷ್ಟೋ ದಿನವಾಯಿತು. ನಾನು ಉತ್ತರ ಕೊಡಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಶಿವಗಣಾರಾಧನೆ ಮುಗಿಯುವವರೆಗೂ ಮನೆ ತುಂಬ ಜನ. ಜನ ಹೋದ ಮೇಲೆ ನಿಮ್ಮಪ್ಪ ನಡುಮನೆಯಲ್ಲೇ ಕೂತಿರುತ್ತಾರೆ; ಅವರ ಕಿವಿಗೆ ಬೀಳುವಂತೆ ಆ ಮಾತು ಆಡಲು ನನಗೆ ಬಾಯಿ ಬರುವುದಿಲ್ಲ. ಈಗ ಅವರು ಮಲಗಿದ್ದಾರೆ. ಪಾತ್ರೆ ತೊಳೆದು, ಬಾಡಿಗೆಗೆ ತಂದ ಕುರ್ಚಿಗಳನ್ನು ವಾಪಸ್ ಕಳಿಸಿ, ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಹಿಮ ಬಿದ್ದು ದಾರಿ ಮುಚ್ಚಿ ನಿನಗೆ ಬರಲಾಗಲಿಲ್ಲ. ಅದಕ್ಕೆ ಯಾರೂ ನಿನ್ನನ್ನು ತಪ್ಪು ತಿಳಿದಿಲ್ಲ. ತಪ್ಪು ತಿಳಿದಿರುವುದು ನಮ್ಮನ್ನು.

ನಿನಗೆ ಅರ್ಧ ಗೊತ್ತಿದೆ. ಆದರೂ ಮೊದಲಿನಿಂದ ಹೇಳುತ್ತೇನೆ.

ಅಜ್ಜಿಯ ಅಪ್ಪ ಪರಮೇಶ್ವರಪ್ಪನವರು ಮೈಸೂರು ಮಹಾರಾಜರ ದಂಡಿನಲ್ಲಿ ಸಿಪಾಯಿ. ನಲವತ್ತೊಂದನೇ ಇಸವಿಯಲ್ಲಿ ಅವರು ಸಿಂಗಾಪುರಕ್ಕೆ ಹಡಗು ಹತ್ತಿದಾಗ ಹೆಂಡತಿ ಬಸುರಿ. ಭದ್ರಾವತಿಯಲ್ಲಿ ಮಗಳು ಹಾಲಮ್ಮ ಹುಟ್ಟುವಷ್ಟರಲ್ಲಿ ಸಿಂಗಾಪುರ ಜಪಾನಿನವರ ಕೈಸೇರಿ ಇವರು ಸೆರೆಯಾಗಿದ್ದರು. ಸೆರೆಯಲ್ಲೇ ಜ್ವರ ಬಂದು ತೀರಿಕೊಂಡರೆಂದು ಯುದ್ಧ ಮುಗಿದ ಮೇಲೆ ಸುದ್ದಿ ಬಂತು. ಎಲ್ಲಿ, ಯಾರು ನೋಡಿಕೊಂಡರು, ದೇಹ ಏನು ಮಾಡಿದರು, ಅದೊಂದೂ ಆ ಸುದ್ದಿಯಲ್ಲಿರಲಿಲ್ಲ.

ಮಗಳು ಕೇಳಿದಾಗ ತಾಯಿ ತಾವೇ ಒಂದು ಉತ್ತರ ಕೊಟ್ಟರು, "ನಿಮ್ಮಪ್ಪ ಅಲ್ಲೇ ಕೂತಿದಾರೆ ಕಣವ್ವ." ನಮ್ಮ ಲಿಂಗಾಯತರಲ್ಲಿ ಮಣ್ಣಿಗಿಡುವುದು ಕೂರಿಸಿಯೇ ಅಲ್ಲವೇ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು. ಶಾಲೆಯಲ್ಲಿ ಮೇಷ್ಟ್ರು "ನಿಮ್ಮಪ್ಪ ಏನ್ ಮಾಡ್ತಾರೆ" ಎಂದು ಕೇಳಿದರೆ ಅಜ್ಜಿ "ಸಿಂಗಾಪುರದಲ್ಲಿ ಕೂತಿದಾರೆ" ಎನ್ನುತ್ತಿದ್ದರಂತೆ. ಅಂಗಡಿ ಇಟ್ಟುಕೊಂಡು ಕೂತಿದ್ದಾರೆ ಎಂದುಕೊಂಡ ಹುಡುಗಿಯರು ಇವರ ಹಿಂದೆ ಬಿದ್ದು ರೇಷ್ಮೆ ರಿಬ್ಬನ್ ತರಿಸಿಕೊಡು ಎಂದು ಪೀಡಿಸುತ್ತಿದ್ದರಂತೆ. ಇದನ್ನು ಹೇಳಿ ಅಜ್ಜಿ ನಗುತ್ತಿದ್ದದ್ದು ನಿನಗೂ ನೆನಪಿರಬೇಕು. ನಗುತ್ತಿದ್ದರು, ಆದರೆ ನಂಬಿದ್ದೂ ಅದನ್ನೇ. ಎಂಬತ್ತು ವರ್ಷ ದಾಟಿದ ಮೇಲೂ ಅವರ ಕಣ್ಣಮುಂದೆ ಅಪ್ಪ ನೆಟ್ಟಗೆ ಕೂತಿದ್ದರು.

ಹೋದ ವರ್ಷ ರಜೆಗೆ ಬಂದಾಗ ನೀನು ಮೊಬೈಲಿನಲ್ಲಿ ಹುಡುಕಿ, "ಅಜ್ಜಿ, ನಿಮ್ಮಪ್ಪನ ಹೆಸರು ಸಿಂಗಾಪುರದ ಕ್ರಾಂಜಿ ಅನ್ನೋ ಮಿಲಿಟರಿ ಸ್ಮಶಾನದಲ್ಲಿದೆ" ಎಂದೆಯಲ್ಲ, ಅಂದಿನಿಂದ ಅವರಿಗೆ ಬೇರೆ ಮಾತೇ ಇರಲಿಲ್ಲ. ಆಗಸ್ಟಿನಲ್ಲಿ ಪೇಪರ್ ಮಿಲ್ಲಿನ ಹಳೇ ಗೆಳೆಯರೆಲ್ಲ ಮಲೇಷ್ಯಾ, ಸಿಂಗಾಪುರದ ಟೂರ್ ಹೊರಟಾಗ ನಿಮ್ಮಪ್ಪನಿಗೆ ಮನಸ್ಸಿರಲಿಲ್ಲ. ಅಜ್ಜಿಯೇ ಹಟ ಹಿಡಿದು ನಮ್ಮಿಬ್ಬರನ್ನೂ ಕಳಿಸಿದರು. ವಿಭೂತಿ ಗಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಲ್ವಪತ್ರೆಯ ಜೊತೆ ಕಟ್ಟಿಕೊಟ್ಟು, "ಗದ್ದಿಗೆ ಮುಟ್ಟಿ ಬಾ ಮಲ್ಲೇಶ. ಮುಖ ಯಾವ ದಿಕ್ಕಿಗೆ ಮಾಡಿ ಕೂರ್ಸಿದಾರೆ ನೋಡ್ಕಂಡು ಬಾ" ಎಂದರು.

ಟೂರಿನವರು ಹಕ್ಕಿ ನೋಡಲು ಹೋದ ದಿನ ನಾವಿಬ್ಬರು ಟ್ಯಾಕ್ಸಿ ಮಾಡಿಕೊಂಡು ಕ್ರಾಂಜಿಗೆ ಹೋದೆವು. ಡ್ರೈವರ್ ವಯಸ್ಸಾದ ತಮಿಳರು. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಕಲಿತ ನಿಮ್ಮಪ್ಪನ ತಮಿಳು ಅವತ್ತು ಉಪಯೋಗಕ್ಕೆ ಬಂತು. ಯಾರನ್ನು ಹುಡುಕಿಕೊಂಡು ಬಂದಿದ್ದೇವೆಂದು ತಿಳಿದ ಮೇಲೆ ಆತ ಗಾಡಿ ನಿಲ್ಲಿಸಿ ನಮ್ಮ ಜೊತೆಯೇ ಒಳಗೆ ಬಂದರು.

ಅದೊಂದು ಗುಡ್ಡದ ಇಳಿಜಾರು, ನಮ್ಮ ರಾಗಿಗುಡ್ಡಕ್ಕಿಂತ ತಗ್ಗು. ಒಂದೇ ಅಳತೆಯ ಬಿಳಿ ಕಲ್ಲುಗಳು ಸಾಲಾಗಿ ಮೇಲೆ ಹತ್ತಿಕೊಂಡು ಹೋಗಿವೆ. ಅಧಿಕಾರಿಗೂ ಸಿಪಾಯಿಗೂ ಒಂದೇ ಕಲ್ಲು. ಪ್ರತಿ ಕಲ್ಲಿನ ಬುಡದಲ್ಲೂ ಹೂವಿನ ಗಿಡ. ಹುಲ್ಲು ಎಷ್ಟು ಸಮವಾಗಿ ಕತ್ತರಿಸಿದ್ದಾರೆಂದರೆ ಚಪ್ಪಲಿ ಹಾಕಿಕೊಂಡು ನಡೆಯಲು ನನಗೆ ಹಿಂಜರಿಕೆಯಾಯಿತು. ಯುದ್ಧಕ್ಕೆ ಮೊದಲು ಅಲ್ಲಿ ಸೈನ್ಯದ ಬಿಡಾರವಿತ್ತಂತೆ. ಜಪಾನಿನವರು ಬಂದ ಮೇಲೆ ಹತ್ತಿರದಲ್ಲೇ ಸೆರೆಯಾಳುಗಳ ಆಸ್ಪತ್ರೆಯಾಯಿತು. ಅಲ್ಲಿ ಸತ್ತವರಿಗಾಗಿ ಸೆರೆಯಾಳುಗಳೇ ಒಂದು ಸಣ್ಣ ಸ್ಮಶಾನ ಶುರುಮಾಡಿದರು. ಯುದ್ಧ ಮುಗಿದ ಮೇಲೆ ಬೇರೆ ಬೇರೆ ಕಡೆ ಹೂಳಿದ್ದವರನ್ನೂ ಅಗೆದು ತಂದು ಇಲ್ಲಿ ಸಾಲಾಗಿ ಇಟ್ಟರಂತೆ. ಡ್ರೈವರ್ ಇದನ್ನು ಹೇಳಿದಾಗ ನಿಮ್ಮಪ್ಪ, "ಸತ್ತ ಮೇಲೂ ಟ್ರಾನ್ಸ್‌ಫರ್ ತಪ್ಪಿಲ್ಲ ನೋಡು ಇವರಿಗೆ" ಎಂದರು. ಹೆಸರು ಗೊತ್ತಿಲ್ಲದವರ ಕಲ್ಲುಗಳೇ ಎಷ್ಟೋ ಇದ್ದವು. ಅವುಗಳ ಮುಂದೆಯೂ ಹೂವಿತ್ತು.

ನಾವು ಬಿಸಿಲಿನಲ್ಲಿ ಸಾಲು ಸಾಲು ಓದುತ್ತಾ ಹತ್ತಿದೆವು. ಪರಮೇಶ್ವರಪ್ಪನವರು ಎಲ್ಲೂ ಇಲ್ಲ. ಗಿಡಕ್ಕೆ ನೀರು ಹಾಕುತ್ತಿದ್ದವನನ್ನು ಡ್ರೈವರ್ ವಿಚಾರಿಸಿದರು. ಅವನು ಗುಡ್ಡದ ಮೇಲಿನ ದೊಡ್ಡ ಸ್ಮಾರಕದ ಹಿಂಬದಿಗೆ ಕೈ ತೋರಿಸಿದ. ಅಲ್ಲಿ ಇನ್ನೊಂದು ಸ್ಮಾರಕವಿದೆ. ಅದರಲ್ಲಿ ಹೆಚ್ಚಿನವು ನಮ್ಮ ದೇಶದವರ ಹೆಸರುಗಳೇ. ನಮ್ಮವರ ಹೆಸರೂ ಸಿಕ್ಕಿತು, ಇಂಗ್ಲಿಷಿನಲ್ಲಿ ಒಂದಕ್ಷರ ಕಡಿಮೆಯಾಗಿ. ನಾನು ಪತ್ರೆ ಬಿಚ್ಚುತ್ತಿದ್ದೆ. ನಿಮ್ಮಪ್ಪ ಮೇಲೆ ಕೆತ್ತಿದ್ದನ್ನು ಎರಡೆರಡು ಸಲ ಓದಿದರು.

"ಏನಂತೆ?" ಎಂದೆ.

"ಇವರೆಲ್ಲ ಸುಟ್ಟೋರಂತೆ ಕಣೇ. ಅವರವರ ಧರ್ಮದ ಪ್ರಕಾರ ದಹನ ಮಾಡಿದಾರಂತೆ." ಆಮೇಲೆ, "ನಿಮ್ಮದು ಯಾವ ಪದ್ಧತಿ ಅಂತ ಇವರನ್ನ ಯಾರು ಕೇಳಿರ್ತಾರೆ" ಎಂದರು.

ಅದರಲ್ಲಿ ಯಾರ ತಪ್ಪೂ ಇಲ್ಲ ಸ್ಫೂರ್ತಿ. ಹಿಂದೂಗಳೆಂದರೆ ಸುಡಬೇಕು ಎಂದು ತಿಳಿದು, ಸೆರೆಯಲ್ಲಿದ್ದ ಯಾರೋ ಪುಣ್ಯಾತ್ಮರು ಸೌದೆ ಹೊಂದಿಸಿ ಗೌರವದಿಂದಲೇ ಮಾಡಿರುತ್ತಾರೆ. ನನ್ನನ್ನು ಕಾಡಿದ್ದು ಒಂದೇ, ಕೊರಳಲ್ಲಿದ್ದ ಲಿಂಗ ಏನಾಯಿತೋ ಎಂದು. ಪತ್ರೆ ಆಗಲೇ ಕಪ್ಪಗಾಗಿತ್ತು. ಹೆಸರಿನ ಕೆಳಗೆ ಇಟ್ಟು, ವಿಭೂತಿ ಹಚ್ಚಿ ಬಂದೆವು.

ಟ್ಯಾಕ್ಸಿಯಲ್ಲಿ ನಿಮ್ಮಪ್ಪ ನನ್ನಿಂದ ಮಾತು ತೆಗೆದುಕೊಂಡರು. "ಅವ್ವಂಗೆ ಹೇಳೋದು ಬೇಡ. ಕೂರ್ಸಿದಾರೆ, ಮುಖ ಪೂರ್ವಕ್ಕಿದೆ ಅಂದುಬಿಡ್ತೀನಿ." ನಾನೂ ಹೂಂ ಎಂದೆ.

ಊರಿಗೆ ಬಂದು ಹಾಗೆಯೇ ಹೇಳಿದರು. ಅಜ್ಜಿ ಫೋಟೊ ತೋರಿಸು ಎಂದರು. ಬಿಳಿ ಕಲ್ಲುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾನು ಪತ್ರೆ ಇಡುತ್ತಿರುವ ಫೋಟೊ ಬಂತು. "ಇದು ಗೋಡೆ ಅಲ್ವೇನೋ. ಗೋಡೆ ಒಳಗೆ ಕೂರಿಸ್ತಾರೇನು?" ಎಂದರು. ನಿಮ್ಮಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಎದ್ದು ನೀರು ಕುಡಿಯಲು ಹೋದರು. ಅಜ್ಜಿ ನನ್ನ ಮುಖ ನೋಡಿದರು. "ಶಕುಂತಲಾ, ನೀನು ಹೇಳು."

"ಸುಟ್ಟಿದಾರಂತೆ ಅತ್ತೆ" ಎಂದೆ.

ಅಳಲಿಲ್ಲ ಅವರು. "ಹಂಗಾದ್ರೆ ಕೂತಿಲ್ಲ" ಎಂದರು, ಅಷ್ಟೆ. ಆ ವಾರವೆಲ್ಲ ಊಟಕ್ಕೆ ಬಂದು ತಟ್ಟೆ ಮುಂದೆ ಕೂತು ಎದ್ದುಹೋಗುತ್ತಿದ್ದರು. ದಿನವೂ ಲಿಂಗಪೂಜೆ ಮಾಡುವಾಗ ಅಂಗೈಯನ್ನೇ ನೋಡುತ್ತಾ ಇದ್ದುಬಿಡುತ್ತಿದ್ದರು.

ದೀಪಾವಳಿಯ ದಿನ ಭದ್ರಾವತಿಯಿಂದ ಏಕಾಂತಪ್ಪನವರು ಬಂದಿದ್ದರು. ನಿನ್ನ ತಾತನ ತಮ್ಮ, ಗೊತ್ತಲ್ಲ, ಮನೆತನದಲ್ಲಿ ಈಗ ಅವರೇ ಹಿರಿಯರು. ಹೋಳಿಗೆ ಊಟ ಮುಗಿದಿತ್ತು. ಎಲ್ಲರೂ ಕೂತಿದ್ದಾಗ ಅಜ್ಜಿ, "ನಾನು ಹೋದಾಗ ನನ್ನ ಸುಡ್ರಿ" ಎಂದರು.

ಏಕಾಂತಪ್ಪನವರು ಮೊದಲು ತಮಾಷೆಯೆಂದುಕೊಂಡರು. ಆಮೇಲೆ ಗಂಭೀರವಾದರು. "ಅತ್ತಿಗೆ, ನಮ್ಮ ಮನೆತನದಲ್ಲಿ ಬೆಂಕಿ ಮುಟ್ಟಿಸಿದವರಿಲ್ಲ. ಅಣ್ಣನ ಪಕ್ಕ ನಿಮಗೆ ಜಾಗ ಬಿಟ್ಟಿದೀವಿ. ಕ್ರಿಯೆ ಮಾಡ್ಸೋ ಅಯ್ಯನವ್ರು ಏನಂತಾರೆ?"

"ಅಯ್ಯನವ್ರು ಬರ್ದೇ ಇದ್ರೆ ಬ್ಯಾಡ ಬಿಡಪ್ಪ. ನಮ್ಮಪ್ಪಂಗೂ ಯಾವ ಅಯ್ಯನವ್ರೂ ಬಂದಿರ್ಲಿಲ್ಲ" ಎಂದರು ಅಜ್ಜಿ. "ನಾನು ಮಣ್ಣಲ್ಲಿ ಕೂತ್ರೆ ಅವರು ಹೋದ ದಾರಿ ನಂಗೆ ಸಿಗಲ್ಲ. ಅವರ ಮುಖ ನಾನು ನೋಡ್ಲಿಲ್ಲ, ದನಿ ಕೇಳ್ಲಿಲ್ಲ. ಇದೊಂದಾದ್ರೂ ಅವರಿಗಾದಂಗೆ ನಂಗೂ ಆಗ್ಲಿ. ಲಿಂಗ ಮಾತ್ರ ಕೈಯಲ್ಲಿರ್ಲಿ."

ನಿಮ್ಮಪ್ಪ ಎದ್ದು ಹೊರಗೆ ಹೋದರು. ಆಮೇಲೂ ಅಜ್ಜಿ ಎರಡು ಮೂರು ಸಲ ಕೇಳಿದರು. ಅವರು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ಅವ್ವ, ಅದೆಲ್ಲ ಈಗ್ಯಾಕೆ" ಎನ್ನುತ್ತಿದ್ದರು. ಹೀಗೆ ಇಷ್ಟು ಬೇಗ ಆಗುತ್ತದೆ ಎಂದು ನಾವ್ಯಾರೂ ಎಣಿಸಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತವರು ಹಾಗೆಯೇ ಗೋಡೆಗೆ ಒರಗಿದ್ದರು. ನಾನು ಕಾಫಿ ಹಿಡಿದುಕೊಂಡು ಹೋಗಿ ಕರೆದೆ.

ಸುದ್ದಿ ಮುಟ್ಟಿದ ಕೂಡಲೇ ಏಕಾಂತಪ್ಪನವರು ಭದ್ರಾವತಿಯ ರುದ್ರಭೂಮಿಯಲ್ಲಿ ತಾತನ ಪಕ್ಕ ಗುಂಡಿ ತೋಡಿಸಿದರು. ಇಲ್ಲಿ ಅಜ್ಜಿಯನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದಾಯಿತು. ಕೂರಿಸಿ ಹೊತ್ತೊಯ್ಯುವ ವಿಮಾನ ಕಟ್ಟುವವರೂ ಬಂದರು. ಎಲ್ಲ ನಮ್ಮ ಪದ್ಧತಿಯಂತೆಯೇ ನಡೆಯುತ್ತದೆಂದು ನಾನೂ ಅಂದುಕೊಂಡೆ. ಮನಸ್ಸಿಗೆ ಸಮಾಧಾನವೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆಗ ನಿಮ್ಮಪ್ಪ ಅಜ್ಜಿಯ ಮುಂದೆ ಕೂತಿದ್ದವರು ತಲೆ ಎತ್ತಿ, "ಚಿಕ್ಕಪ್ಪ, ಗುಂಡಿ ಮುಚ್ಚಿಸಿ. ಅವ್ವ ಹೇಳಿದಂಗೆ ಆಗ್ಲಿ" ಎಂದರು.

"ತಲೆ ನೆಟ್ಟಗಿದೆಯೇನೋ ನಿಂಗೆ? ತೋಡಿದ ಗುಂಡಿ ಬರಿದೆ ಮುಚ್ಚಬಾರದು."

"ಒಂದು ತೆಂಗಿನಕಾಯಿ ಇಟ್ಟು ಮುಚ್ಚಿಸಿ."

"ನಾನು ಈ ಮನೇಲಿ ನೀರೂ ಮುಟ್ಟಲ್ಲ, ನೆನಪಿಟ್ಕೊ."

"ಆಯ್ತು ಚಿಕ್ಕಪ್ಪ."

ಇಷ್ಟೇ ಮಾತು. ನಿಮ್ಮಪ್ಪ ದನಿ ಏರಿಸಲಿಲ್ಲ. ಅರ್ಧ ಜನ ಅಲ್ಲೇ ಎದ್ದು ಹೋದರು. ತುಂಗಾ ತೀರದ ಚಿತಾಗಾರಕ್ಕೆ ನಿಮ್ಮಪ್ಪನ ಜೊತೆ ಹೋದವರು ವಿದ್ಯಾನಗರದ ನಿನ್ನ ಸೋದರಮಾವ ಪರಮೇಶ್, ಪೇಪರ್ ಮಿಲ್ಲಿನ ಗೆಳೆಯರು, ನಾನು. ಎಡ ಅಂಗೈಯಲ್ಲಿ ಲಿಂಗವಿಟ್ಟು, ಕೈ ಬಿಚ್ಚಿಕೊಳ್ಳದಂತೆ ನಾನೇ ಅವರ ಹಳೆಯ ಸೀರೆಯ ಅಂಚಿನಿಂದ ಕಟ್ಟಿದೆ. ಬೆಂಕಿ ಮುಟ್ಟಿಸುವಾಗ ನಿಮ್ಮಪ್ಪನಿಗೆ ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಗೊತ್ತಿರಲಿಲ್ಲ. ಅಲ್ಲಿನವರು ಕೈಹಿಡಿದು ತೋರಿಸಿದರು. ಮರುದಿನ ಬೂದಿಯಲ್ಲಿ ಲಿಂಗ ಸಿಕ್ಕಿತು. ಮೇಲೆ ಮೆತ್ತಿದ್ದ ಕರಿ ಕಂತಿಯೆಲ್ಲ ಕರಗಿಹೋಗಿ ಒಳಗಿನ ಕಲ್ಲು ಮಾತ್ರ ಉಳಿದಿತ್ತು. ಕೂಡಲಿಗೆ ಹೋಗಿ ತುಂಗೆ, ಭದ್ರೆ ಸೇರುವಲ್ಲಿ ಬೂದಿ, ಲಿಂಗ ಎರಡನ್ನೂ ಬಿಟ್ಟೆವು.

ಶಿವಗಣಾರಾಧನೆಗೆ ಭದ್ರಾವತಿಯಿಂದ ಯಾರೂ ಬರಲಿಲ್ಲ. ಮಾಡಿದ ಅಡುಗೆ ಮಿಕ್ಕಿತು. ಅಕ್ಕಪಕ್ಕದ ಮನೆಗಳಿಗೆ ಹಂಚಿ ಬಂದೆ.

ಇಷ್ಟು ಕಂದ. ಅಜ್ಜಿಯನ್ನು ಯಾಕೆ ಸುಟ್ಟಿರಿ ಎಂದೆಯಲ್ಲ, ಅವರೇ ಕೇಳಿದರು, ಅದಕ್ಕೆ. ನಿಮ್ಮಪ್ಪನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಫೋನ್ ಮಾಡಿದಾಗ ಈ ವಿಷಯ ಎತ್ತಲೂ ಬೇಡ. ಹವಾಮಾನ ಕೇಳು, ಊಟ ಆಯಿತಾ ಕೇಳು, ಸಾಕು. ನಿನ್ನ ವಾರ್ಡಿನಲ್ಲಿ ಮಲಗಿರುವ ಸಿಪಾಯಿ ಹುಡುಗರೆಲ್ಲ ತಮ್ಮ ಕಾಲಮೇಲೆ ಎದ್ದು ಮನೆಗೆ ಹೋಗಲಿ. ಅವರನ್ನು ನೋಡಿಕೊಳ್ಳುವ ನಿನ್ನ ಕೈಗೆ ಶಿವ ಬಲ ಕೊಡಲಿ. ವೇಳೆಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ
ಶಕುಂತಲಾ

ಮತ್ತೆ ಬರೆದದ್ದು, ಮಂಗಳವಾರ: ಭಾನುವಾರವೇ ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ನಿನ್ನೆ ಸೋಮವಾರ ನಿಮ್ಮಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಹಿತ್ತಲಿನ ಬಿಲ್ವದ ಪತ್ರೆ ಕಿತ್ತುಕೊಂಡು ಸ್ಕೂಟರ್ ತೆಗೆದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಮಧ್ಯಾಹ್ನ ಮೀರಿ ವಾಪಸು ಬಂದಾಗ ಪತ್ರೆ ಶರ್ಟಿನ ಜೇಬಿನಲ್ಲೇ ಇತ್ತು. ಭದ್ರಾವತಿಗೆ ಹೋಗಿದ್ದರಂತೆ. ತಾತನ ಗದ್ದಿಗೆಯ ಪಕ್ಕ ತೋಡಿ ಮುಚ್ಚಿದ ಹಸಿ ಮಣ್ಣು ಕಂಡು ತಾತನಿಗೂ ಪತ್ರೆ ಇಡಲಾಗದೆ ಬಂದರಂತೆ. ಅಲ್ಲಿಂದ ಕೂಡಲಿಗೆ ಹೋದರಂತೆ. ಅಲ್ಲಿ ನೀರು ಹರಿಯುತ್ತಲೇ ಇತ್ತಂತೆ. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಕುರ್ಚಿಯ ಮೇಲೆ ಕೂತು, "ಅವ್ವಂಗೆ ಅವರಪ್ಪ ಸಿಕ್ಕಿದ್ರು ಅಂತಲೇ ಇಟ್ಕೊ. ನಂಗೆ ಅವ್ವ ಎಲ್ಲಿ ಸಿಗ್ತಾಳೆ ಹೇಳು ಮಾರಾಯ್ತಿ" ಎಂದು ಕೇಳಿದರು. ಮದುವೆಯಾದಾಗಿನಿಂದ ಅವರು ಅತ್ತಿದ್ದನ್ನು ನಾನು ನೋಡಿರಲಿಲ್ಲ ಸ್ಫೂರ್ತಿ. ಕೈಕಾಲು ತೊಳ್ಕೊಳ್ಳಿ, ಅನ್ನ ಆರ್ತಿದೆ ಎಂದೆ.